ತಪ್ಪಿಗೊಂದು ಲೋಟ ಕಾಫಿ

ಒಂದು ಮಾತು ಹೇಳಬೇಕಿತ್ತು. ಹನ್ನೊಂದು ವರ್ಷ ಹೇಳಲಿಲ್ಲ. ಹೇಳಬೇಕಿದ್ದದ್ದು ಬೇರೆ ಯಾರಿಗೂ ಅಲ್ಲ, ನಮ್ಮಣ್ಣನಿಗೆ. ತಪ್ಪು ಮಾಡಿದವರನ್ನು ಕೂರಿಸಿ ಬಿಸಿ ಬಿಸಿ ಕಾಫಿ ಕೊಟ್ಟ ಮ್ಯಾನೇಜರು ಇಡೀ ಚೆನ್ನೈಯಲ್ಲಿ ಇವನೊಬ್ಬನೇ ಇದ್ದಿರಬೇಕು! ಆ ಕಾಫಿ ಬೆರೆಸುತ್ತಿದ್ದವನು ನಾನು.

ನುಂಗಂಬಾಕ್ಕಂನ ಒಂದು ಉಡುಪಿ ಹೋಟೆಲಿನಲ್ಲಿ ಅವನು ಮ್ಯಾನೇಜರು, ನಾನು ಕಾಫಿ ಮಾಸ್ಟರು. ಅವನು ಎಸ್ಸೆಸ್ಸೆಲ್ಸಿ, ನಾನು ಐದನೇ ಕ್ಲಾಸು. ಒಮ್ಮೆ ಪಾರ್ಸೆಲ್ ಕಟ್ಟಲು ಹಳೆ ಕಾಗದ ತರುತ್ತೇನೆಂದು ಪ್ಯಾರೀಸ್ ಕಾರ್ನರಿನ ಪೇಟೆಗೆ ಹೋದವನು, ಕಾಗದ ಮರೆತು ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದ. ಜನ ಯಾಕೆ ತಪ್ಪು ಮಾಡುತ್ತಾರೆ, ಯಾವ ಶಿಕ್ಷೆ ಕೊಟ್ಟರೆ ತಿದ್ದಿಕೊಳ್ಳುತ್ತಾರೆ ಎಂಬುದನ್ನೆಲ್ಲ ಬಾಯಿಗೆ ಬಂದಂತೆ ಹೇಳಬಾರದು, ಪ್ರಯೋಗ ಮಾಡಿಯೇ ನೋಡಬೇಕು ಅಂತ ಅದರಲ್ಲಿ ಬರೆದಿತ್ತಂತೆ. ಅಲ್ಲಿಗೆ ಮುಗಿಯಿತು ನಮ್ಮ ನೆಮ್ಮದಿ!

ಮೊದಲ ಪ್ರಯೋಗ ಚಮಚದ್ದು. ಹೋಟೆಲಿನ ಚಮಚಗಳು ಗಿರಾಕಿಗಳ ಜೇಬು ಸೇರುವುದು ಹೊಸದೇನಲ್ಲ. ಅಣ್ಣ ಮಹಡಿಯ ಹಾಲಿನಲ್ಲಿ ‘ಚಮಚ ಕದಿಯುವುದು ಅಪರಾಧ’ ಎಂದು ತಮಿಳಿನಲ್ಲಿ ಬೋರ್ಡು ಹಾಕಿಸಿದ. ಕೆಳಗಿನ ಹಾಲಿಗೆ ಏನೂ ಇಲ್ಲ. ಒಂದು ವಾರ ಕಳೆದು ನೋಡಿದರೆ ಕೆಳಗಿನ ಚಮಚಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಮಹಡಿಯಲ್ಲಿ ಅರ್ಧಕ್ಕರ್ಧ ಮಾಯ. ಬೋರ್ಡನ್ನೂ ಯಾರೋ ಹೊತ್ತುಕೊಂಡು ಹೋಗಿದ್ದರು!

ಆಮೇಲೆ ಮನೆ. ಅತ್ತಿಗೆ ಮಾಡಿದ ಸಾಂಬಾರಿಗೆ ಉಪ್ಪು ಹೆಚ್ಚಾಗಿತ್ತು. ಬೈಯಬೇಕೋ ಬಿಡಬೇಕೋ ಎಂಬುದನ್ನು ಚೀಟಿಯೇ ಹೇಳಲಿ ಎಂದು, ಕೆಲವಕ್ಕೆ ‘ಬೈಗುಳ’ ಬರೆದು ಕೆಲವನ್ನು ಖಾಲಿ ಬಿಟ್ಟು, ಅಣ್ಣ ಗಂಭೀರವಾಗಿ ಒಂದು ಚೀಟಿ ಎತ್ತಿದ. ಅದರಲ್ಲಿ ‘ಬೈಗುಳ’ ಎಂದಿತ್ತು.

“ಎಂತ ಬಂತು? ಓದಿ ಹೇಳಿ, ನಾನೂ ಕೇಳ್ತೇನೆ,” ಎಂದರು ಅತ್ತಿಗೆ, ಕೈಯಲ್ಲಿ ಸೌಟು ಹಿಡಿದುಕೊಂಡೇ.

“ಖಾಲಿ ಚೀಟಿ ಮಾರಾಯ್ತಿ,” ಎಂದು ಅಣ್ಣ ಅದನ್ನು ಬಾಯಿಗೆ ಹಾಕಿಕೊಂಡ. ಉಪ್ಪಿನ ಸಾಂಬಾರಿನ ಜೊತೆ ನುಂಗಿಯೂಬಿಟ್ಟ.

ಇನ್ನು ನನ್ನ ಪಾಪದ ಕಥೆ. ಬೆಳಗಿನ ಕೆಲಸಕ್ಕೆ ತಡವಾಗಿ ಬರುವವರು ಹೆಚ್ಚಾಗಿದ್ದರು. ಅಣ್ಣ ಹಾಲಿನ ಪುಡಿಯ ಡಬ್ಬಿಗೆ ಚೀಟಿ ತುಂಬಿದ. ಅರ್ಧದಲ್ಲಿ ‘ಬೈಗುಳ’, ಅರ್ಧದಲ್ಲಿ ‘ಕಾಫಿ’. ತಡವಾಗಿ ಬಂದವನಿಗೆ ಚೀಟಿಯಲ್ಲಿ ಬಂದದ್ದು ಸಿಗಬೇಕು. ಮತ್ತೆ ತಡ ಮಾಡುವವರು ಯಾರು, ಬೈಸಿಕೊಂಡವರೋ ಕಾಫಿ ಕುಡಿದವರೋ ಎಂದು ನೋಡುವುದು.

“ಚೀಟಿ ತೆಗೆಯುವವನಿಗೆ ಕರುಣೆಯೂ ಇರಬಾರದು, ಸಿಟ್ಟೂ ಇರಬಾರದು. ಅದಕ್ಕೆ ನೀನೇ ಸರಿ ತಮ್ಮ,” ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟ.

ನನಗೆ ಎರಡೂ ಇದ್ದವು!

ತಡವಿದರೆ ಗೊತ್ತಾಗುವಂತೆ ಕಾಫಿ ಚೀಟಿಗಳ ಮೂಲೆ ಮಡಚಿಟ್ಟೆ. ಮಣಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಪ್ಲೈಯರು ಪಾಪದವನು. ಲಾರಿಗಳ ಸಾಲಿಗೆ ಸಿಕ್ಕಿ ಅಪರೂಪಕ್ಕೊಮ್ಮೆ ತಡವಾದರೆ ಅವನಿಗೆ ಬೈಗುಳವೇ? ಕಾಫಿ. ದೋಸೆ ಮಾಸ್ಟರು ನನಗೆ ಗರಿಗರಿ ದೋಸೆ ಹಾಕಿಕೊಡುತ್ತಿದ್ದ. “ಅಣ್ಣೇ, ಇನ್ನಿಕ್ಕಿ ಕಾಪಿಯಾ, ತಿಟ್ಟಾ?” ಎಂದು ತಡವಾದ ಒಂದು ದಿನ ಕಣ್ಣು ಹೊಡೆದ. ಇವತ್ತು ಕಾಫಿಯೋ ಬೈಗುಳವೋ ಎಂದು ಅವನ ಪ್ರಶ್ನೆ. ಅವನಿಗೂ ಕಾಫಿಯೇ. ನನ್ನನ್ನು ‘ಐದನೇ ಕ್ಲಾಸ್’ ಎಂದು ಕರೆಯುತ್ತಿದ್ದ, ವಾರವಿಡೀ ತಡವಾಗಿ ಬರುವ ಇಬ್ಬರು ಸೋಮಾರಿಗಳಿಗೆ ಮಾತ್ರ ಬೈಗುಳ.

ಫಲ ಏನಾಯಿತು ಎಂದು ಹೇಳಬೇಕೇ? ಕಾಫಿ ಕುಡಿದವರು ಮತ್ತೆ ತಡ ಮಾಡಲಿಲ್ಲ, ಅವರು ಮೊದಲೂ ಹಾಗೇ ಇದ್ದವರು. ಸೋಮಾರಿಗಳು ಸೋಮಾರಿಗಳಾಗಿಯೇ ಉಳಿದರು. ನೋಟ್‌ಬುಕ್ ಹಿಡಿದ ಅಣ್ಣನ ಕಣ್ಣು ತುಂಬಿತ್ತು. “ನೋಡಿದ್ಯಾ ತಮ್ಮ? ಬೈಗುಳ ಬೇಡವೇ ಬೇಡ. ಪ್ರೀತಿ ತೋರಿಸಿದ್ರೆ ಸಾಕು ಮನುಷ್ಯನಿಗೆ!”

ಮಾಲೀಕರ ಎದುರು ನಿಂತು ಬೈಗುಳವನ್ನೇ ರದ್ದು ಮಾಡಿಸಿದ. ತಡವಾದವರಿಗೆಲ್ಲ ಕಾಫಿ! ಎರಡೇ ವಾರದಲ್ಲಿ ಇಡೀ ಹೋಟೆಲು ತಡವಾಗಿ ಬಂದು ನನ್ನ ಮುಂದೆ ಸಾಲು ನಿಂತಿತು. ಇಡ್ಲಿ ಬೇಯಿಸುವವರಿಲ್ಲದೆ ಗಿರಾಕಿಗಳು ಎದುರು ಹೋಟೆಲಿಗೆ ನಡೆದರು. “ಎಂತ ಕಾಫಿ ಪ್ರೊಫೆಸರ್ರೇ, ಇನ್ನು ತಿಂಡಿಯೂ ಕೊಡುದಾ?” ಎಂದು ಮಾಲೀಕರು ಎಲ್ಲರೆದುರು ನಕ್ಕರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಡಿಕಾಕ್ಷನ್ ಸೋಸುತ್ತಿದ್ದೆ. ಅವತ್ತೇ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಅಣ್ಣ ನೋಟ್‌ಬುಕ್ಕನ್ನು ಪಾರ್ಸೆಲ್ ಕಾಗದದ ರಾಶಿಗೆ ಎಸೆದ. “ಬೈದ್ರೆ ಮಾತ್ರ ಮನುಷ್ಯ ನೆಟ್ಟಗೆ ಇರುದು,” ಎಂದ. ಅಂದಿನಿಂದ ಬೈಯಲು ಶುರು ಮಾಡಿದವನು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ನಿಲ್ಲಿಸಲಿಲ್ಲ. ಹಾಲಿನವನು, ಪೇಪರಿನವನು, ಅತ್ತಿಗೆ ಯಾರನ್ನೂ ಬಿಡಲಿಲ್ಲ. ಅತ್ತಿಗೆ ಈಗ ಸೌಟು ಹಿಡಿಯುವುದಿಲ್ಲ. ಸುಮ್ಮನೆ ಒಳಗೆ ಹೋಗುತ್ತಾರೆ.

ಕಳೆದ ಭಾನುವಾರ ಅವನ ಮೊಮ್ಮಗಳು ಆಡುತ್ತಾ ಅವನ ಕನ್ನಡಕ ತುಳಿದಳು. “ಸಾರಿ ತಾತಾ, ತೆರಿಯಾಮ ಪಣ್ಣಿಟ್ಟೇನ್!” ಗೊತ್ತಿಲ್ಲದೆ ಮಾಡಿದೆ ಎಂದು ಮಗು ಹೇಳುತ್ತಲೇ ಇದೆ, ಅಣ್ಣ ಕೈ ಎತ್ತಿದ. ಅವಳು ಓಡಿ ಬಂದು ನನ್ನ ಬೆನ್ನ ಹಿಂದೆ ಅಡಗಿ ಅಂಗಿ ಹಿಡಿದುಕೊಂಡಳು. ಒಂದು ಕಾಲಕ್ಕೆ ತಪ್ಪು ಮಾಡಿದವರಿಗೆ ಕಾಫಿ ಕೊಡಿಸಿದ ಅಣ್ಣನ ಕೈ ಈಗ ಗಾಳಿಯಲ್ಲಿ ಎದ್ದು ನಿಂತಿತ್ತು. ಅದನ್ನು ಹಾಗೆ ಮಾಡಿದವನು ನಾನೇ ಅಲ್ಲವೇ?

ಅಡುಗೆಮನೆಗೆ ಹೋದೆ. ಒಂದು ಲೋಟ ಕಾಫಿ ಬೆರೆಸಿ ತಂದು ಅವನ ಮುಂದಿಟ್ಟೆ.

“ತಪ್ಪು ಮಾಡಿದವರಿಗಲ್ವಾ ಕಾಫಿ? ನಂಗೆಂತಕ್ಕೆ?” ಎಂದ ಅಣ್ಣ, ಕಹಿಯಾಗಿ ನಕ್ಕು.

“ತಪ್ಪು ಮಾಡಿದವ ನಾನು. ಚೀಟಿಯ ಮೂಲೆ ಮಡಚಿ, ಬೇಕಾದವರಿಗೆ ಬೇಕಾದ್ದು ತೆಗೆದುಕೊಟ್ಟೆ. ನಿನ್ನ ಪ್ರಯೋಗ ಸೋಲಲಿಲ್ಲ ಅಣ್ಣ, ಅದು ನಡೆಯಲೇ ಇಲ್ಲ. ನಾನು ನಡೆಯಲಿಕ್ಕೆ ಬಿಡಲಿಲ್ಲ. ಬೈಯಿ, ಹೊಡಿ, ಎಂತ ಬೇಕಾದ್ರೂ ಮಾಡು. ನನ್ನದು ತಪ್ಪಾಯ್ತು ಅಣ್ಣ.”