ಕಡುಬಿನ ಹಿಟ್ಟಿನಲ್ಲಿ ಮೈಕ್ರೋವೇವ್

ನಾನು ಸೋತಿಲ್ಲ. ನಮ್ಮೂರು ಪಾಳ್ಯದಲ್ಲಿ ಯಾರು ಏನೇ ಹೇಳಿಕೊಂಡು ತಿರುಗಲಿ, ಗೆದ್ದವನು ನಾನೇ. (ಇದನ್ನು ಬರೆಯುತ್ತಿರುವ ಬೆರಳುಗಳಿಗೆ ಅಕ್ಕಿಹಿಟ್ಟು ಮೆತ್ತಿಕೊಂಡಿದೆ ಎಂಬುದು ಬೇರೆ ಮಾತು.)

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವ ನಾನು, ಊಟಕ್ಕೆ ಕೂತಾಗ ಮನೆಯವರಿಗೂ ಒಂದು ಸತ್ಯ ಬಡಿಸಿದ್ದೇ ತಪ್ಪಾಯಿತು. ಒಂದೇ ಲಯದಲ್ಲಿ ಹೊರಟ ಎರಡು ಅಲೆಗಳು ಕೂಡಿದರೆ ಕೆಲವು ಕಡೆ ಜೋರಾಗುತ್ತವೆ, ಕೆಲವು ಕಡೆ ಸೊನ್ನೆಯಾಗುತ್ತವೆ ಎಂದೆ.

"ಸೊನ್ನೆನಾ?" ಅಮ್ಮನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಸೇರಕ್ಕಿ ಮ್ಯಾಲೆ ಸೇರಕ್ಕಿ ಸುರುದ್ರೆ ಮಡಕೆ ಖಾಲಿ ಆಯ್ತದೇನ್ಲಾ ಧರ್ಮ?"

"ಜಾಸ್ತಿ ಓದಿದ್ರೆ ಹಿಂಗೇ ಕಣತ್ತೆ," ಎಂದಳು ನನ್ನ ಧರ್ಮಪತ್ನಿ ಚೈತ್ರಶ್ರೀ.

ನನಗೆ ರೋಷ ಉಕ್ಕಿತು. ಭಾನುವಾರ ಹಾನುಬಾಳಿನಿಂದ ಅವಳಣ್ಣ ಪ್ರತಾಪ್ ಸಂಸಾರ ಸಮೇತ ಕಡುಬು, ಕೋಳಿಸಾರಿನ ಊಟಕ್ಕೆ ಬರುವವನಿದ್ದ. ಕಾಫಿ ಬೆಳೆಯದ ವಿದ್ಯೆ ವಿದ್ಯೆಯೇ ಅಲ್ಲ ಎನ್ನುವ ಆಸಾಮಿ.

"ಪಂಥ!" ಎಂದೆ. "ನಾನು ಕಣ್ಣಾರೆ ತೋರಿಸಿದ್ರೆ, ನಿಮ್ಮಣ್ಣನ ಎದುರಿಗೇ ‘ನಮ್ಮೆಜಮಾನ್ರು ಹೇಳಿದ್ದೇ ಸರಿ’ ಅನ್ನಬೇಕು."

"ತೋರಿಸ್ದೆ ಹೋದ್ರೆ ಅಷ್ಟೂ ಜನಕ್ಕೆ ಕಡುಬು ನೀವೇ ಮಾಡ್ಬೇಕು."

"ಆಗಲಿ!"

ಭಾನುವಾರ ಬೆಳಿಗ್ಗೆ, ಕಾಲೇಜಿನಿಂದ ತಂದಿದ್ದ ಪೆಟ್ಟಿಗೆ ಬಿಚ್ಚಿದೆ. ಮೈಕ್ರೋವೇವ್ ಎಂಬ ಅಲೆ ಬಿಡುವ ಡಬ್ಬಿ ಇತ್ತು, ಅಲೆ ಹಿಡಿದು ಕುಂಯ್‌ಗುಡುವ ಡಬ್ಬಿಯೂ ಇತ್ತು. ನಡುವೆ ಎರಡು ಸೀಳು ಬರುವಂತೆ ನಿಲ್ಲಿಸಬೇಕಾದ ತಗಡುಗಳು ಮಾತ್ರ ಲ್ಯಾಬಿನಲ್ಲೇ ಉಳಿದಿದ್ದವು. ವೀರನು ಇಷ್ಟಕ್ಕೆಲ್ಲ ಎದೆಗುಂದುವನೇ? ಅಡುಗೆಮನೆಯಿಂದ ಎರಡು ಸ್ಟೀಲ್ ಟ್ರೇ ಎತ್ತಿಕೊಂಡೆ. ಅವುಗಳ ನಡುವೆ ದೋಸೆ ಮಗುಚುವ ಕೈ ಇಟ್ಟರೆ ಆಚೆಗೊಂದು, ಈಚೆಗೊಂದು ಸೀಳು. ಆದರೆ ಅವು ನೆಟ್ಟಗೆ ನಿಲ್ಲಬೇಕಲ್ಲ? ಚೈತ್ರಶ್ರೀ ಕಡುಬಿಗೆಂದು ಅಕ್ಕಿತರಿ ಬೇಯಿಸಿಟ್ಟಿದ್ದ ಹಿಟ್ಟು ಪಾತ್ರೆಯ ತುಂಬ ಇತ್ತು. ಮೆತ್ತಗಿದ್ದರೂ ಗಟ್ಟಿ. ಮೂರನ್ನೂ ಅದರಲ್ಲೇ ನೆಟ್ಟುಬಿಟ್ಟೆ.

"ಅಯ್ಯೋ, ನನ್ ಹಿಟ್ಟು!"

"ವಿಜ್ಞಾನಕ್ಕೆ ತ್ಯಾಗ ಬೇಕು ಕಣೇ."

"ಮೈಕ್ರೋವೇವ್ ತರ್ತೀನಿ ಅಂದಾಗ ಒಲೆ ತರ್ತೀರಿ ಅನ್ಕಂಡಿದ್ನಲ್ರೀ!"

ಅಷ್ಟರಲ್ಲಿ ಪ್ರತಾಪನ ಜೀಪು ಅಂಗಳಕ್ಕೆ ಬಂತು. ಸಭೆ ಸೇರಿತು. ನಾನು ಅಲೆ ಬಿಡುವ ಡಬ್ಬಿಯನ್ನು ಸೀಳುಗಳ ಆಚೆಗಿಟ್ಟು, ಕುಂಯ್‌ಗುಡುವ ಡಬ್ಬಿಯನ್ನು ಈಚೆ ಎರಡೂ ಸೀಳುಗಳಿಗೆ ಸಮ ದೂರದಲ್ಲಿ ಹಿಡಿದೆ. ಜೋರಾಗಿ ಕುಂಯ್ ಎಂದಿತು. ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಸದ್ದು ಸಣ್ಣಗಾಗಿ, ಸಣ್ಣಗಾಗಿ, ನಿಂತೇಹೋಯಿತು. 

"ಬ್ಯಾಟ್ರಿ ಹೋಗ್ಬುಡ್ತು," ಎಂದ ಪ್ರತಾಪ.

"ಹೌದಾ? ಈಗ ನೋಡಿ ಭಾವ!" ಒಂದು ಸೀಳಿಗೆ ತಟ್ಟೆ ಅಡ್ಡ ಹಿಡಿದೆ. ಸತ್ತಿದ್ದ ಡಬ್ಬಿ ಕುಂಯ್ ಎಂದು ಎದ್ದು ಕೂತಿತು! "ಎರಡೂ ತೆರೆದಿದ್ರೆ ಇಲ್ಲಿ ಸೊನ್ನೆ. ಒಂದನ್ನ ಮುಚ್ಚಿದ್ರೆ ಸದ್ದು!"

ಪ್ರತಾಪ ಬಾಯಿ ತೆರೆದು ನಿಂತ. ಅಮ್ಮ ಡಬ್ಬಿಗೆ ಕೈಮುಗಿದಳು. ನಾನು ಹೆಂಡತಿಯ ಕಡೆ ತಿರುಗಿ ಎದೆ ಸೆಟೆಸಿದೆ. ಅವಳು ಪಂಥದ ಮಾತಿಗೆ ತಪ್ಪುವವಳಲ್ಲ.

"ಅಣ್ಣಾ, ನಮ್ಮೆಜಮಾನ್ರು ಹೇಳಿದ್ದೇ ಸರಿ," ಎಂದಳು. ಆಹಾ! ಆ ಕ್ಷಣ ಅಲ್ಲಿಗೇ ನಿಲ್ಲಬಾರದಿತ್ತೇ? "ಇಬ್ರು ಒಂದೇ ಕಡೆ ಸೇರಿದ್ರೆ ಸೊನ್ನೆ, ಒಬ್ರು ಹಿಂದೆ ಸರಿದ್ರೇನೆ ಕೆಲ್ಸ. ಅಡುಗೆಮನೇಲಿ ನಾನೂ ಇವ್ರೂ ಸೇರಿದ್ರೆ ಕಡುಬು ಆಯ್ತದಾ? ಅದಕ್ಕೇ ನಾನು ಸರೀತೀನಿ. ಹಿಟ್ಟು ಹಾಳು ಮಾಡಿದೋರು ಹೊಸ ಹಿಟ್ಟು ಬೇಯ್ಸಲಿ."

"ಅದು ಅಲೆಗಳಿಗೆ ಮಾತ್ರ ಕಣೇ! ಅದೂ ಒಂದೇ ಲಯದಲ್ಲಿ ಹೊರಟ ಅಲೆಗಳಿಗೆ!"

"ವಿಜ್ಞಾನಕ್ಕೆ ಎದುರಾಡಬ್ಯಾಡ ಮಾರಾಯ," ಎಂದ ಪ್ರತಾಪ, ಕಾಲು ಚಾಚಿ ಕೂರುತ್ತ.

ನಾನು ಬಗ್ಗಲಿಲ್ಲ. ತರಿ ಬೇಯಿಸುತ್ತಲೇ, ಉಂಡೆ ಕಟ್ಟುತ್ತಲೇ, ಹಬೆಗಿಡುತ್ತಲೇ ನನ್ನ ವಾದವನ್ನು ಕೂಗಿ ಹೇಳಿದೆ: ಈ ನಿಯಮ ಸಂಸಾರಕ್ಕೆ ಅನ್ವಯಿಸುವುದಿಲ್ಲ, ಮನುಷ್ಯರು ಎಂದೂ ಒಂದೇ ಲಯದಲ್ಲಿರುವುದಿಲ್ಲ!

ಹಿತ್ತಿಲ ಬಾಗಿಲಲ್ಲಿ ಅಮ್ಮ, ನಡುಮನೆಯ ಬಾಗಿಲಲ್ಲಿ ಹೆಂಡತಿ ಪ್ರತ್ಯಕ್ಷರಾದರು. ಇಬ್ಬರೂ ಒಂದೇ ಉಸಿರಿಗೆ, ಒಂದೇ ಸ್ವರದಲ್ಲಿ ಕೇಳಿದರು:

"ಹಿಟ್ಟಿಗೆ ಉಪ್ಪು?"

ಎರಡೂ ಬಾಗಿಲಿಗೆ ಸಮ ದೂರದಲ್ಲಿ ನಿಂತಿದ್ದೆ. ಬಹಳ ಜೋರಾಗಿ ಕೇಳಿಸಿತು.

ಹಾಕಿರಲಿಲ್ಲ.