ಎಂ-ಸ್ಯಾಂಡ್ ಮರುಭೂಮಿ, ಐದು ಕುದುರೆ

ಕುದುರೆ ನೋಡಿಕೊಂಡು ಬದುಕುವವನಿಗೆ ಯಾವ ದಿನವೂ ಸುಮ್ಮನೆ ಕಳೆಯುವುದಿಲ್ಲ. ಇವತ್ತೊಂದು ದಿನ ಏನೂ ಆಗಲಿಲ್ಲ ಎಂದುಕೊಂಡು ಸಂಜೆ ಟೀ ಲೋಟಕ್ಕೆ ಕೈ ಹಾಕಿದರೆ ಸಾಕು, ಗೇಟಿನ ಕಡೆಯಿಂದ ಯಾರಾದರೂ "ಅಣ್ಣಾ, ಒಸಿ ಬನ್ನಿ" ಅಂತ ಕರೆಯುತ್ತಾರೆ. ಈ ಮೂರು ವರ್ಷದಲ್ಲಿ ನಾನು ಬಿಸಿ ಟೀ ಕುಡಿದದ್ದು ತೀರಾ ಕಡಿಮೆ.

ನಾನು ಚಾಮರಾಜನಗರದ ಹತ್ತಿರದ ಉಮ್ಮತ್ತೂರಿನವನು. ವಯನಾಡಿನ ಶುಂಠಿ ಹೊಲಗಳಲ್ಲಿ ಹನ್ನೆರಡು ವರ್ಷ ಬಗ್ಗಿ ಬಗ್ಗಿ ಸೊಂಟ ಹಾಳುಮಾಡಿಕೊಂಡು, ಈಗ ಗುಂಡ್ಲುಪೇಟೆ ರಸ್ತೆಯ ಒಂದು ಡೆಸರ್ಟ್ ಕ್ಯಾಂಪಿನಲ್ಲಿ ಮ್ಯಾನೇಜರ್ ಆಗಿದ್ದೇನೆ. ಮರುಭೂಮಿಯಲ್ಲಿ ಟೆಂಟು, ಟೆಂಟಿನ ಮುಂದೆ ಕುದುರೆ, ಕುದುರೆಯ ಮೇಲೆ ಗಿರಾಕಿ. ಇದು ನಮ್ಮ ಓನರು ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಕಂಡ ಕನಸು. ಮ್ಯಾನೇಜರ್ ಅಂದರೆ ಹುಲ್ಲು ಹಾಕುವುದು, ಲದ್ದಿ ಬಾಚುವುದು, ಟೆಂಟಿನ ಗೂಟ ಹೊಡೆಯುವುದು, ಬಂದವರ ಹತ್ತಿರ ಕ್ಷಮೆ ಕೇಳುವುದು. ಹೆಚ್ಚು ಹೊತ್ತು ಹಿಡಿಯುವುದು ಕೊನೆಯ ಕೆಲಸವೇ.

ಹೋದ ಮಳೆಗಾಲಕ್ಕೆ ಮೊದಲೇ ಓನರು ಹೇಳಿಬಿಟ್ಟಿದ್ದರು. ಸಂಕ್ರಾಂತಿವರೆಗೆ ನೋಡುತ್ತೇನೆ, ಅಷ್ಟರಲ್ಲಿ ಕುದುರೆ ಸವಾರಿಗೆ ಜನ ಬಂದರೆ ಸರಿ, ಇಲ್ಲವಾದರೆ ಐದೂ ಕುದುರೆ ಮಾರಿ ಟೆಂಟು ಮಡಚಿ ಜಾಗಕ್ಕೆ ಬೇಲಿ ಹಾಕುತ್ತೇನೆ ಅಂತ. ಕುದುರೆ ಹೋದರೆ ನಾನು ಮತ್ತೆ ಶುಂಠಿಗೆ. ಆ ಮಾತು ಕೇಳಿದ್ದೇ ತಡ, ನನ್ನ ಸೊಂಟ ಆಗಲೇ ನೋಯಲು ಶುರುಮಾಡಿತು.

ಆ ವರ್ಷದ್ದೂ ಅದಕ್ಕೆ ಹಿಂದಿನದ್ದೂ ಸೇರಿಸಿ ಕೆಲವನ್ನು ಹೇಳುತ್ತೇನೆ. ಆಗ ನಗು ಬರಲಿಲ್ಲ. ಈಗಲೂ ಪೂರ್ತಿ ಬರುವುದಿಲ್ಲ.

ಮರಳು ಬಂತು

ಮರುಭೂಮಿ ಅಂದಮೇಲೆ ಮರಳು ಬೇಕಲ್ಲ. ನಮ್ಮ ಜಾಗ ಕಲ್ಲು, ಕೆಂಪುಮಣ್ಣು, ಲಂಟಾನ. ಹೊಳೆ ಮರಳು ಈಗ ಮನೆ ಕಟ್ಟುವವರಿಗೇ ಸಿಗುವುದಿಲ್ಲ. ಓನರು ಯೋಚಿಸಿ ಯೋಚಿಸಿ ಎಂ-ಸ್ಯಾಂಡ್ ತರಿಸಿದರು. ಕಲ್ಲು ಪುಡಿಮಾಡಿದ ಬೂದು ಬಣ್ಣದ ಮರಳು. ಅದನ್ನು ಟೆಂಟುಗಳ ಸುತ್ತ ಹರಡಿ, ಅಲ್ಲಲ್ಲಿ ದಿಣ್ಣೆ ಮಾಡಿ, ದಿಣ್ಣೆಯ ಮೇಲೆ ಗಾಳಿ ಬೀಸಿದ ಗೆರೆ ಕಾಣುವಂತೆ ತೆಂಗಿನ ಗರಿಯಲ್ಲಿ ಎಳೆಯಲು ನನಗೆ ಹೇಳಿದರು. ದಿನಾ ಬೆಳಿಗ್ಗೆ ಗಾಳಿಯ ಕೆಲಸ ನಾನು ಮಾಡುತ್ತಿದ್ದೆ. ರಸ್ತೆಯಲ್ಲಿ ಹೋಗುವವರೆಲ್ಲ ಸ್ಕೂಟರ್ ನಿಲ್ಲಿಸಿ ಮನೆ ಯಾರದು, ಛಾವಣಿ ಯಾವಾಗ ಹಾಕುತ್ತೀರಿ ಅಂತ ವಿಚಾರಿಸುತ್ತಿದ್ದರು.

ಪಕ್ಕದ ಹೊಲದ ಯಜಮಾನರಿಗೆ ಮಾತ್ರ ಗೇಟಿನ ಮೇಲಿನ 'ಮರುಭೂಮಿ' ಬೋರ್ಡು ನೋಡಿ ಸಿಟ್ಟು ಬಂತು. ಎಪ್ಪತ್ತು ದಾಟಿದವರು, ಎರಡು ಜೊತೆ ಎತ್ತು ಇಟ್ಟುಕೊಂಡವರು. ಮರುಭೂಮಿ ಅಂದರೆ ಏನು ಅಂತ ಓನರನ್ನು ಕೇಳಿದರು. ಏನೂ ಬೆಳೆಯದ ಜಾಗ ಅಂತ ಓನರು ಹೇಳಿದರು. ಯಜಮಾನರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದರು. ಅವರಪ್ಪ ಅದೇ ನೆಲದಲ್ಲಿ ಹುರುಳಿ ಬೆಳೆದು ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ್ದರಂತೆ.

ಮಾರನೆಯ ವಾರ ಒಂದು ಹದ ಮಳೆ ಬಂತು. ಗೆರೆ ಎಳೆಯುವುದಕ್ಕೆ ಬಿಡುವು ಕೊಟ್ಟೆ. ನೆಲ ಆರಿದ ಮೇಲೆ, ಐದನೆಯ ದಿನ ನಾನು ಮತ್ತೆ ಗೆರೆ ಎಳೆಯಲು ಗರಿ ಹಿಡಿದುಕೊಂಡು ಹೋದರೆ ಮರುಭೂಮಿ ಪೂರ್ತಿ ಹಸಿರು. ಯಜಮಾನರು ಯಾವಾಗಲೋ ಬಂದು ಮರಳಿನ ಮೇಲೆಲ್ಲ ಹುರುಳಿ ಎರಚಿ ಹೋಗಿದ್ದರು. ಮರಳು ತೆಳುವಾಗಿತ್ತು, ಕೆಳಗೆ ಅವರಪ್ಪನ ಮಣ್ಣು ಹಾಗೇ ಇತ್ತು. ಓನರು ಬಂದು ನೋಡಿ, ಕಿತ್ತುಹಾಕಿಸಲು ಮನಸ್ಸಾಗದೆ, ಆ ಜಾಗಕ್ಕೆ 'ಓಯಸಿಸ್' ಅಂತ ಇನ್ನೊಂದು ಬೋರ್ಡು ಹಾಕಿಸಿದರು. ಕುದುರೆಗಳು ಎರಡೇ ದಿನದಲ್ಲಿ ಓಯಸಿಸನ್ನು ಮೇದು ಮುಗಿಸಿದವು, ಬೋರ್ಡು ಮಾತ್ರ ಉಳಿಯಿತು.

ಭರ್ತಿಯಾಗದೆ ಹೊರಡುವುದಿಲ್ಲ

ಐದು ಕುದುರೆಯಲ್ಲಿ ಒಂದು ಮೈಸೂರಿನಲ್ಲಿ ಟಾಂಗಾ ಎಳೆದು ನಿವೃತ್ತಿಯಾದದ್ದು. ಸಾಧು. ಮಕ್ಕಳನ್ನು ಕೂರಿಸಲು ಅದೇ ಸರಿ ಅಂತ ತಂದಿದ್ದರು.

ಒಂದು ಭಾನುವಾರ ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಬರುವಾಗಲೇ ರಾಜಸ್ಥಾನದ ಪೇಟ ಸುತ್ತಿಕೊಂಡಿದ್ದರು, ಬಣ್ಣಬಣ್ಣದ್ದು. ಅವರನ್ನು ಈ ಕುದುರೆಯ ಮೇಲೆ ಕೂರಿಸಿ, ನಾನು ಪಕ್ಕದಲ್ಲಿ ಹಗ್ಗ ಹಿಡಿದು ರಸ್ತೆಯಂಚಿನಲ್ಲಿ ನಡೆಸಿಕೊಂಡು ಹೊರಟೆ. ಬಸ್ ಸ್ಟಾಪಿನ ತನಕ ಚೆನ್ನಾಗಿ ಬಂತು. ಅಲ್ಲಿ ನಾಲ್ಕು ಜನ ನಿಂತಿದ್ದನ್ನು ಕಂಡದ್ದೇ ತಡ, ಕುದುರೆ ಓರೆಯಾಗಿ ತಿರುಗಿ ತಂಗುದಾಣದ ಮುಂದೆ ಶಿಸ್ತಾಗಿ ನಿಂತುಬಿಟ್ಟಿತು. ಎಳೆದೆ, ಗದರಿದೆ, ಬೆಲ್ಲ ತೋರಿಸಿದೆ. ಕದಲಲಿಲ್ಲ. ಇಪ್ಪತ್ತು ವರ್ಷ ಒಬ್ಬನೇ ಒಬ್ಬನನ್ನು ಕೂರಿಸಿಕೊಂಡು ಹೊರಟ ಕುದುರೆಯಲ್ಲ ಅದು. ಇನ್ನೂ ಮೂರು ಜನ ಹತ್ತಬೇಕು, ಆಮೇಲೆ ಹೋಗೋಣ ಅನ್ನುವ ಮುಖ.

ಬಿಸಿಲು ಏರುತ್ತಿತ್ತು. ಅಧಿಕಾರಿಗಳು ಏನಾದರೂ ಮಾಡಿ ಅಂದರು. ನಾನು ಆ ಕುದುರೆ ಕೊಡಿಸಿದ ದಲ್ಲಾಳಿಗೆ ಫೋನ್ ಮಾಡಿ ಕೇಳಿದೆ. ಟಾಂಗಾದವನು ಹೊರಡುವ ಮೊದಲು ಮೇಲೆ ಕೂತಿದ್ದವನೇ ಜೋರಾಗಿ "ಮಾರ್ಕೆಟ್ ಮಾರ್ಕೆಟ್" ಅಂತ ಕೂಗುತ್ತಿದ್ದ, ಅದು ಕೇಳಿದರೆ ಹೊರಡುತ್ತದೆ ಅಂದ. ಕೆಳಗಿನಿಂದ ನಾನು ಕೂಗಿ ನೋಡಿದೆ, ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕೊನೆಗೆ ಅಧಿಕಾರಿಗಳೇ ಅತ್ತ ಇತ್ತ ನೋಡಿ, ಪೇಟ ಸರಿಮಾಡಿಕೊಂಡು, ಗಂಟಲು ತೆಗೆದು ಕೂಗಿದರು.

ಕುದುರೆ ಕಾಲೆತ್ತಿತು. ಅಷ್ಟರಲ್ಲಿ ಸ್ಟಾಪಿನಲ್ಲಿದ್ದ ಒಬ್ಬ ಅಜ್ಜಿ ಸೊಪ್ಪಿನ ಕುಕ್ಕೆ ಸೊಂಟಕ್ಕೆ ಏರಿಸಿಕೊಂಡು ಬಂದು ಅವರ ಮೊಣಕಾಲು ತಟ್ಟಿ, "ಎಂಡತಿ ಮಕ್ಳು ಚೆನ್ನಾಗಿರ್ಲಿ ಕಣಪ್ಪ, ಈ ಕುಕ್ಕೆ ಒಸಿ ಮ್ಯಾಲಕ್ಕೆ ತಕ್ಕೊ" ಅಂದಳು. ಅವರು ತೆಗೆದುಕೊಂಡರು.

ಒಣಗಲು ಬಂದವರು

ಜುಲೈ ತಿಂಗಳಲ್ಲಿ ಗುಂಡ್ಲುಪೇಟೆಯ ಸೂರ್ಯಕಾಂತಿ ನೋಡಲು ಕೇರಳದವರು ಸಾಲುಸಾಲಾಗಿ ಬರುತ್ತಾರೆ. ಅವರಲ್ಲಿ ಒಂದು ಕುಟುಂಬ ವಯನಾಡಿನಿಂದ ನಮ್ಮ ಕ್ಯಾಂಪಿಗೆ ಬುಕ್ ಮಾಡಿತು. ಆರು ಜನ. ಮಳೆಗಾಲದಲ್ಲಿ ಬುಕಿಂಗ್ ಬಂದದ್ದೇ ಮೊದಲು. ನಾನು ಐದೂ ಕುದುರೆಗಳ ಮೈ ತಿಕ್ಕಿ, ಬಾಲ ಬಾಚಿ, ಜೀನು ಬಿಗಿದು ಸಾಲಾಗಿ ನಿಲ್ಲಿಸಿದೆ. ಇವರೇ ಐದು ಫೋಟೋ ಹಾಕಿದರೂ ನನ್ನ ಸೊಂಟ ಉಳಿಯಿತು ಅಂತ ಲೆಕ್ಕ.

ಜೀಪಿನಿಂದ ಮೊದಲು ಇಳಿದದ್ದು ಜನ ಅಲ್ಲ, ಮೂಟೆ. ನಾಲ್ಕು ಮೂಟೆ ಒದ್ದೆ ಬಟ್ಟೆ. ಅವರ ಊರಿನಲ್ಲಿ ಇಪ್ಪತ್ತು ದಿನದಿಂದ ಮಳೆ ಬಿಟ್ಟಿರಲಿಲ್ಲವಂತೆ. ಮನೆಯೊಳಗೆ ಎಲ್ಲಿ ಹರಡಿದರೂ ಬೂಸಲು. ಹೀಗಿರುವಾಗ ಯಾರೋ ಫೋನಿನಲ್ಲಿ ನಮ್ಮ ಡೆಸರ್ಟ್ ಕ್ಯಾಂಪ್ ತೋರಿಸಿದ್ದಾರೆ.

ಮನೆಯ ಯಜಮಾನತಿ ಸೀರೆ ಎತ್ತಿ ಕಟ್ಟಿದರು. ಟೆಂಟಿನಿಂದ ಟೆಂಟಿಗೆ ಹಗ್ಗ ಬಿತ್ತು. ಹಗ್ಗ ಮುಗಿದ ಮೇಲೆ ಬೇಲಿ, ಬೇಲಿ ಮುಗಿದ ಮೇಲೆ ಬೋರ್ಡು. ಕೊನೆಗೆ ಆಯಮ್ಮ ಕೈಯಲ್ಲಿ ಒಂದು ದೊಡ್ಡ ಜಮಖಾನ ಹಿಡಿದುಕೊಂಡು ಕುದುರೆಗಳ ಕಡೆ ನೋಡಿದರು. ನಾನು ಬೇಡ ಅನ್ನುವಷ್ಟರಲ್ಲಿ ಒಂದು ಕುದುರೆಗೆ ಜಮಖಾನ, ಎರಡರ ಮೇಲೆ ಬೆಡ್‌ಶೀಟು, ಒಂದರ ಕುತ್ತಿಗೆಗೆ ಸಾಲಾಗಿ ಮಕ್ಕಳ ಯೂನಿಫಾರ್ಮು. ಐದನೆಯದರ ಕೆಳಗಿನ ನೆರಳಿನಲ್ಲಿ ಅಜ್ಜ ಮಲಗಿದರು. ಯಾರೂ ಸವಾರಿಯ ಮಾತೆತ್ತಲಿಲ್ಲ. ಗಾಳಿಗೆ ಬಟ್ಟೆ ಪಟಪಟ ಅಂದಂತೆಲ್ಲ ಆ ಮನೆಯವರ ಮುಖ ಅರಳುತ್ತಿತ್ತು. ಅಂಥ ಸಂತೋಷ ನಾನು ಗಿರಾಕಿಗಳ ಮುಖದಲ್ಲಿ ಮತ್ತೆ ನೋಡಲಿಲ್ಲ.

ಹೋಗುವಾಗ ಫೋನಿನಲ್ಲಿ ಐದು ಸ್ಟಾರ್ ಕೊಟ್ಟು ಬರೆದರು: 'ಬಹಳ ಒಳ್ಳೆಯ ಜಾಗ. ಒಂದೇ ದಿನದಲ್ಲಿ ಒಣಗಿತು.' ಮುಂದಿನ ವಾರ ಅವರ ಪಕ್ಕದ ಮನೆಯವರು ಒಣಗದ ಮೆಣಸು ತುಂಬಿಕೊಂಡು ಬಂದರು. ಓನರು ಎಲ್ಲ ಕೇಳಿ, ಕುದುರೆ ಮಾರಿ ಹಗ್ಗ ತರೋಣ ಅಂದರು.

ಬೆಣ್ಣೆಯ ಹರಕೆ

ನಮ್ಮ ಲಾಯ ನೋಡಿಕೊಳ್ಳುವವನು ಪುಣಜನೂರಿನ ಕಡೆಯವನು. ಹುಟ್ಟಿದಾಗಿನಿಂದ ಎತ್ತು ಎಮ್ಮೆಗಳ ಜೊತೆ ಬೆಳೆದವನು. ಕುದುರೆ ಅಂದರೆ ಕೊಂಬಿಲ್ಲದ ದನ ಅನ್ನುವುದು ಅವನ ನಂಬಿಕೆ.

ದೀಪಾವಳಿ ಆದಮೇಲೆ ಕಂದು ಗಂಡುಕುದುರೆಗೆ ಹೊಟ್ಟೆನೋವು ಬಂತು. ನೆಲಕ್ಕೆ ಬಿದ್ದು ಹೊರಳಾಡುತ್ತಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಸತ್ತರೆ ಓನರು ಉಳಿದ ನಾಲ್ಕನ್ನು ಅವತ್ತೇ ಮಾರುತ್ತಾರೆ ಅಂತ ನಾನು ತಲೆ ಮೇಲೆ ಕೈಹೊತ್ತು ಕೂತೆ. ಇವನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ ಕೈಮುಗಿದು, ದನಕ್ಕೆ ಹುಷಾರಿಲ್ಲದಾಗ ಅವರ ಮನೆಯಲ್ಲಿ ಹೇಳುವ ಹರಕೆಯನ್ನೇ ಹೇಳಿಬಿಟ್ಟ. ಕುದುರೆ ಎದ್ದು ನಿಂತಿತು, ನೀರು ಕುಡಿಯಿತು.

ಮಾರನೆಯ ದಿನದಿಂದ ಇವನ ಮುಖದಲ್ಲಿ ಕಳೆಯಿಲ್ಲ. ಬಿಡಿಸಿ ಕೇಳಿದರೆ, "ಅಣ್ಣಾ, ಬಾಯ್ ತಪ್ಪಿ ಮಾಡ್ಬುಟ್ಟೆ ಕಣಣ್ಣ. ಇದು ಉಸಾರಾದ್ರೆ ಇದರ ಮೊದಲ್ನೇ ಬೆಣ್ಣೆ ನಿಂಗೇ ತಂದ್ಕೊಡ್ತೀನಿ ಅಂದ್ಬುಟ್ಟೀನಿ" ಅಂದ.

ಅಂಗಡಿ ಬೆಣ್ಣೆ ಕೊಟ್ಟು ಬಾ ಅಂದೆ. ದೇವರಿಗೆ ಸುಳ್ಳು ಹೇಳಲೇ ಅಂತ ನನ್ನ ಮೇಲೇ ಬಿದ್ದ. ಕಡೆಗೆ ಅವನ ಕಾಟ ತಾಳಲಾರದೆ ಇಬ್ಬರೂ ಬಸ್ಸು ಹತ್ತಿ ಬೆಟ್ಟಕ್ಕೆ ಹೋದೆವು. ಅರ್ಚಕರಿಗೆ ಎಲ್ಲವನ್ನೂ ಹೇಳಿದ. ಅವರು ನಗಲಿಲ್ಲ. ಗಂಡೋ ಹೆಣ್ಣೋ ಅಂತ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡು, ತೀರ್ಥ ಕೊಟ್ಟು, "ಬೆಣ್ಣೆ ಬಂದಾಗ ತಂದುಕೊಡಪ್ಪ, ದೇವರಿಗೇನೂ ಅವಸರ ಇಲ್ಲ" ಅಂದರು.

ಸಂಕ್ರಾಂತಿ

ಹೀಗೇ ಸಂಕ್ರಾಂತಿ ಬಂತು. ಅವತ್ತು ಓನರು ಕೋಳಿಕ್ಕೋಡಿನ ಒಬ್ಬ ಟೂರ್ ಏಜೆಂಟರನ್ನು ಕರೆದುಕೊಂಡು ಬಂದರು. ಅವರು ಒಪ್ಪಿದರೆ ಗಿರಾಕಿಗಳ ಗುಂಪು ಕಳಿಸುತ್ತಾರೆ, ಕುದುರೆ ಉಳಿಯುತ್ತವೆ. ಒಪ್ಪದಿದ್ದರೆ ಮಾರನೆಯ ದಿನವೇ ಕುದುರೆ ಕೊಳ್ಳುವವರು ಬರುತ್ತಾರೆ. ಏನೂ ಎಡವಟ್ಟಾಗಬಾರದು ಅಂತ ಓನರು ನನಗೆ ಮೂರು ಸಲ ಹೇಳಿದರು.

ಲಾಯದವನು ಬೆಳಿಗ್ಗೆಯಿಂದ ರಜ ಕೇಳುತ್ತಿದ್ದ. ನಮ್ಮ ಕಡೆ ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ದಾರಿಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಕೊಟ್ಟು, ಸಿಂಗಾರ ಮಾಡಿದ ಎತ್ತುಗಳನ್ನು ಅದರ ಮೇಲೆ ಓಡಿಸುವುದು, ದನಕ್ಕೆ ರೋಗರುಜಿನ ಬಾರದಿರಲಿ ಅಂತ. ಅವನಿಗೆ ರಜ ಸಿಗಲಿಲ್ಲ. ಸಾಕಿದ ಪ್ರಾಣಿಗೆ ಕಿಚ್ಚು ಹಾಯಿಸದೆ ಹಬ್ಬ ಹೇಗೆ ಮಾಡುವುದು ಅಂತ ಒಂದೇ ಸಮನೆ ಗೋಗರೆದ. ನನಗೆ ಸಾಕಾಗಿಹೋಗಿತ್ತು. ಏಜೆಂಟರು ಸವಾರಿ ಮುಗಿಸಿ ಹೋದಮೇಲೆ ಇಲ್ಲೇ ನಿನ್ನ ಕುದುರೆಗಳಿಗೇ ಹಾಯಿಸಿಕೋ ಅಂದೆ. ಅವನು ಪಕ್ಕದ ಹೊಲದ ಯಜಮಾನರಿಗೂ ಹೇಳಿಬಂದ. ಅವರು ತಮ್ಮ ಎತ್ತುಗಳಿಗೂ ಇಲ್ಲೇ, ಸವಾರಿ ತಿರುಗಿ ಬರುವುದರೊಳಗೆ ಹಾಯಿಸಿಬಿಡೋಣ ಅಂದರಂತೆ. ಇದು ನನಗೆ ಗೊತ್ತಿರಲಿಲ್ಲ.

ಏಜೆಂಟರು ಬಿಳಿ ಹೆಣ್ಣುಕುದುರೆ ಹತ್ತಿ, ನಾನು ಹಗ್ಗ ಹಿಡಿದು, ಹೊಲದ ಸುತ್ತ ಒಂದು ಸುತ್ತು ಬಂದೆವು. ಅವರು ನಮ್ಮ ಮರುಭೂಮಿ ನೋಡಿದರು, ಟೆಂಟು ನೋಡಿದರು, ವಾಚು ನೋಡಿಕೊಂಡರು. ಸಾಕು, ಹಿಂದಕ್ಕೆ ಹೋಗೋಣ ಅಂದರು. ನನಗೆ ಅರ್ಥವಾಯಿತು.

ಅರ್ಧ ಗಂಟೆ ಮೊದಲೇ ತಿರುಗಿ ಬಂದರೆ, ಗೇಟಿನ ದಾರಿಗೆ ಅಡ್ಡಲಾಗಿ ಹುಲ್ಲು ಹೊತ್ತಿ ಉರಿಯುತ್ತಿದೆ. ಊರಿನವರೆಲ್ಲ ಎರಡೂ ಕಡೆ ನಿಂತಿದ್ದಾರೆ. ಯಜಮಾನರ ಎತ್ತುಗಳು ಕೊಂಬಿಗೆ ಬಣ್ಣ ಬಳಿದುಕೊಂಡು ನಮ್ಮ ಪಕ್ಕದಿಂದಲೇ ಓಡಿದವು. ಬಿಳಿ ಕುದುರೆ ದಿನವೂ ಆ ಎತ್ತುಗಳ ಜೊತೆ ಬೀಳುಹೊಲದಲ್ಲಿ ಮೇಯುವುದು. ಅವು ಹೋದಲ್ಲಿಗೆ ಹೋಗುವುದೇ ಅದಕ್ಕೆ ಗೊತ್ತಿರುವ ದಾರಿ. ಕೈಯಲ್ಲಿದ್ದ ಹಗ್ಗ ಅಂಗೈ ಸುಡುವ ಹಾಗೆ ಜಾರಿತು. ಎರಡು ಎತ್ತು ಹಾರಿದವು, ಅವುಗಳ ಹಿಂದೆ ಕುದುರೆ ಹಾರಿತು, ಕುದುರೆಯ ಕುತ್ತಿಗೆ ತಬ್ಬಿಕೊಂಡು ಏಜೆಂಟರೂ ಹಾರಿದರು. ಊರಿನವರು "ಹೋ" ಅಂತ ಕೂಗಿ ಅವರ ಮೇಲೂ ಎಳ್ಳು ಬೆಲ್ಲ ಎರಚಿದರು.

ಆಚೆ ಕಡೆ ಕುದುರೆ ನಿಂತಿತು. ಓನರು ನನ್ನ ಕಡೆ ನೋಡಿದ ನೋಟದಲ್ಲಿ ನನಗೆ ವಯನಾಡಿನ ಶುಂಠಿ ಹೊಲ ಪೂರ್ತಿ ಕಂಡಿತು. ಏಜೆಂಟರು ಮೆಲ್ಲಗೆ ಇಳಿದರು. ಮೀಸೆಯಲ್ಲಿ ಎಳ್ಳು ಸಿಕ್ಕಿಕೊಂಡಿತ್ತು. ಪ್ಯಾಂಟು ನೋಡಿಕೊಂಡರು, ಎಲ್ಲೂ ಸುಟ್ಟಿರಲಿಲ್ಲ. ಆಮೇಲೆ ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಓನರಿಗೆ ಹೇಳಿದರು. ಇಂಥದ್ದನ್ನು ಜನ್ಮದಲ್ಲಿ ಕಂಡಿಲ್ಲ, ವಾರ ವಾರ ಒಂದು ಗುಂಪು ಕಳಿಸುತ್ತೇನೆ, ಕುದುರೆ ಒಂದನ್ನೂ ಮಾರಬೇಡಿ, ಆದರೆ ಇದು ವಾರ ವಾರ ಇರಬೇಕು, ಮೊದಲ ಗುಂಪಿನ ಜೊತೆ ನಾನೇ ಬಂದು ಇನ್ನೊಮ್ಮೆ ಹಾರುತ್ತೇನೆ ಅಂತ. ಓನರು ಆಗಲಿ ಅಂದರು. ನಾನು ಅಲ್ಲೇ ಎಂ-ಸ್ಯಾಂಡಿನ ಮೇಲೆ ಕುಸಿದು ಕೂತೆ. ಸಂತೋಷವೋ ಸುಸ್ತೋ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಬಂತು.

ಯಜಮಾನರು ಅರಿಶಿನದ ತಟ್ಟೆ ಹಿಡಿದು ಎತ್ತುಗಳ ಹಣೆಗೆ ಹಚ್ಚುತ್ತಾ ಬಂದವರು, ಕುದುರೆಯ ಹಣೆಗೆ ಹಚ್ಚಿ, ಅದೇ ಸಾಲಿನಲ್ಲಿ ಏಜೆಂಟರ ಹಣೆಗೂ ಹಚ್ಚಿದರು. ವಾರ ವಾರ ಹಾರುವ ಮಾತು ಅವರ ಕಿವಿಗೂ ಬಿದ್ದಿತ್ತು. ಏಜೆಂಟರ ಬೆನ್ನು ಸವರಿ, ತುಂಬ ಕನಿಕರದಿಂದ ಹೇಳಿದರು:

"ವಾರ ವಾರ ಯಾಕೆ ಸ್ವಾಮಿ ಸುಮ್ಕೆ ತೊಂದ್ರೆ ತಕ್ಕೊಂಡೀರಿ. ವರ್ಸಕ್ಕೆ ಒಂದ್ಸಲ ಹಾಯ್ದ್ರೆ ಸಾಕು. ಇನ್ನು ಬರೋ ಸಂಕ್ರಾಂತಿಗಂಟ ನಿಮ್ ಮೈಗೆ ಉಣ್ಣಿ ಅತ್ತಕ್ಕಿಲ್ಲ, ಕಾಲುಬಾಯಿ ಜ್ವರಾನೂ ಬರಕ್ಕಿಲ್ಲ."