ಬೀಗರು ತುಳಿದ ಬ್ರೇಕು

ಸಿದ್ದೇಶ್ವರ: ತುಳದೀರೇನ್ರಿ ಬೀಗರ?

ಶಿವರಾಜಪ್ಪ: ತುಳದೇನ್ರಿ.

ಸಿದ್ದೇಶ್ವರ: ಖರೇನೇ ತುಳದೀರಿ?

ಶಿವರಾಜಪ್ಪ: ಮಗಳನ್ನ ಕೊಟ್ಟ ಮನಿ ಇದು. ಇಲ್ಲಿ ಬಂದು ಸುಳ್ಳ ಹೇಳ್ತೇನೇನ್ರಿ?

ಸಿದ್ದೇಶ್ವರ: ಮತ್ತ ಎಣ್ಣ್ಯಾಗ ಗುಳ್ಳಿ ಯಾಕ ಬರ್ಲಾಕತ್ತಾವ್ರಿ?

ಶಿವರಾಜಪ್ಪ: ಅದನ್ನ ನಿಮ್ಮ ಗಾಡಿಗೇ ಕೇಳ್ಬೇಕ್ರಿ.

ಬೀದರಿನ ಆ ಮನೆಯ ಅಂಗಳದಲ್ಲಿ ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಬಲಗಾಲಿ ಬಿಚ್ಚಿಟ್ಟಿತ್ತು. ಬ್ರೇಕಿನ ಡ್ರಮ್ಮಿನ ಹಿಂದೆ ತಲೆ ತೂರಿಸಿ ಅಂಗಾತ ಮಲಗಿದ್ದವರು ಮನೆಯ ಯಜಮಾನ ಸಿದ್ದೇಶ್ವರ. ಒಳಗೆ ಡ್ರೈವರ್ ಸೀಟಿನಲ್ಲಿ, ಇಸ್ತ್ರಿಯ ಧೋತರ ಮುದುಡದಂತೆ ಕೂತಿದ್ದವರು ಅವರ ಬೀಗರು, ಭಾಲ್ಕಿಯ ಶಿವರಾಜಪ್ಪ. ಮಗಳು ಶಿವಾನಿಯನ್ನು ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆದೊಯ್ಯಲು ಬಂದವರು ಅವರು. ಚಹಾ ಕುಡಿದು ಪಾನ್ ಹಾಕಿಕೊಂಡು ಹಾಯಾಗಿ ಇರಬೇಕಾದವರನ್ನು ಸಿದ್ದೇಶ್ವರರು ಬ್ರೇಕು ತುಳಿಯಲು ಕೂರಿಸಿದ್ದರು. ಹಾಗೆ ಕೂರಿಸಲು ಅವರು ಕೇಳಿದ ಕ್ಷಮೆಗೇ ಅರ್ಧ ಬೆಳಗು ಕಳೆದಿತ್ತು.

ಸೊಸೆಯನ್ನು ತನ್ನ ಕಾರಿನಲ್ಲೇ ಭಾಲ್ಕಿಗೆ ಮುಟ್ಟಿಸಬೇಕೆಂಬುದು ಸಿದ್ದೇಶ್ವರರ ಆಸೆ. ಆ ಹುಡುಗಿ ಎಂದರೆ ಅವರಿಗೆ ಜೀವ. ಆದರೆ ಬ್ರೇಕು ಹತ್ತಿಯ ದಿಂಬು ತುಳಿದ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಕೊಳವೆಯಲ್ಲಿ ಗಾಳಿ ಸೇರಿದೆ ಎಂದ ಗ್ಯಾರೇಜಿನ ಮೇಸ್ತ್ರಿ ಚಾಂದ ಪಾಶಾ, ಉಳಿದ ಗಾಲಿಗಳದ್ದು ತೆಗೆದು, ಇದೊಂದನ್ನು ಬಿಟ್ಟು, ಔರಾದಿನಿಂದ ಫೋನು ಬಂತೆಂದು ಓಡಿದ್ದ. ಕೆಲಸವೇನೋ ಸರಳವೇ. ಒಬ್ಬರು ಬ್ರೇಕು ತುಳಿದು ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹಿಂದಿನ ಚಿಕ್ಕ ತಿರುಪು ಸಡಿಲಿಸಬೇಕು. ಎಣ್ಣೆಯ ಜೊತೆ ಗಾಳಿ ಹೊರಗೆ ಬಂದ ಮೇಲೆ ತಿರುಪು ಬಿಗಿಯಬೇಕು. ಅಲ್ಲಿಯ ತನಕ ತುಳಿದವರು ಕಾಲು ಎತ್ತಬಾರದು. ಎತ್ತಿದರೆ ಹೋದ ಗಾಳಿ ಹೋದ ದಾರಿಯಲ್ಲೇ ವಾಪಸು ಬರುತ್ತದೆ.

ಶಿವರಾಜಪ್ಪ: ಬೀಗರ, ಯಾಕ ಹೈರಾಣ ಆಗ್ತೀರಿ? ನಾ ಟ್ಯಾಕ್ಸಿಗಿ ಹೇಳೇನಿ, ಇನ್ನೇನ ಬರ್ತದ. ಮಗಳ ಟ್ಯಾಕ್ಸಿನ್ಯಾಗ ಬರ್ಲಿ.

ಸಿದ್ದೇಶ್ವರ: ನಮ್ಮ ಮನಿ ಸೊಸಿ ಬಾಡಗಿ ಗಾಡ್ಯಾಗ ತವರಿಗಿ ಹೋದ್ರ, ಭಾಲ್ಕಿ ಮಂದಿ ನನಗ ಏನ್ ಅಂದಾರ್ರಿ?

ಶಿವರಾಜಪ್ಪ: ಬ್ರೇಕ್ ಇಲ್ಲದ ಗಾಡ್ಯಾಗ ಬಂದು ದಾರ್ಯಾಗಿನ ಹಲಬರ್ಗಾದಾಗ ಹೊಲಕ್ಕ ಇಳದ್ರ ಏನ್ ಅಂದಾರ್ರಿ?

ಸಿದ್ದೇಶ್ವರ: ಟ್ಯಾಕ್ಸಿ ಬರೂತನಕ ಟೈಮ್ ಕೊಡ್ರಿ. ಬ್ರೇಕ್ ಗಟ್ಟಿ ಆಗ್ಲಿಲ್ಲಂದ್ರ ನಿಮ್ಮ ಮರ್ಜಿ.

ಶಿವರಾಜಪ್ಪ: ಆಯ್ತ್ರಿ. ಅಪ್ಪಣಿ ಮಾಡ್ರಿ.

ಸಿದ್ದೇಶ್ವರ: ಅಪ್ಪಣಿ ಅಲ್ರಿ, ವಿನಂತಿ. ನಿಮಗ ತ್ರಾಸ ಇಲ್ಲಂದ್ರ, ಜರಾ ತುಳೀತೀರೇನ್ರಿ?

ಶಿವರಾಜಪ್ಪ: ತುಳದೇನ್ರಿ.

ಸಿದ್ದೇಶ್ವರ: ಹಂಗೇ ಇರ್ಲಿ. ನಿಮ್ಮ ಉಪಕಾರ ಮರಿಯಾಂಗಿಲ್ಲ ಬೀಗರ.

ಶಿವರಾಜಪ್ಪ: ಛೇ ಛೇ, ಎಂಥಾ ಮಾತ್ರಿ!

ತಿರುಪಿನಿಂದ ಬರುವ ಎಣ್ಣೆ ಹಿಡಿಯಲು ನಳಿಗೆ ಸಿಕ್ಕಿಸಿ ಇಟ್ಟಿದ್ದ ಬಾಟಲಿಯಲ್ಲಿ ಮತ್ತೆ ಬುಳುಬುಳು ಗುಳ್ಳೆ. ಅದೇ ಹೊತ್ತಿಗೆ ಸಿದ್ದೇಶ್ವರರ ಹೆಂಡತಿ ಸುಮಿತ್ರಾಬಾಯಿ ಇನ್ನೊಂದು ಸುತ್ತಿನ ಚಹಾ ತಂದರು. ಕಾರಿನ ಕಿಟಕಿಯ ಬಳಿ ಬಂದವರು ಅಲ್ಲೇ ನಿಂತುಬಿಟ್ಟರು.

ಸುಮಿತ್ರಾಬಾಯಿ: ಬೀಗರ, ಇವರು ಮಾತಾಡಿದಾಗೊಮ್ಮಿ ನೀವು ಕಾಲ ಯಾಕ ಹಿಂದಕ್ಕ ಎಳಕೋತೀರಿ?

ಕೆಳಗಿದ್ದ ಸಿದ್ದೇಶ್ವರರಿಗೆ ಸಿಡಿಲು ಬಡಿದಂತಾಯಿತು.

ಸಿದ್ದೇಶ್ವರ: ಏನಂದಿ? ಕಾಲ ಎತ್ತತಾರಾ?

ಶಿವರಾಜಪ್ಪ: ಮತ್ತೇನ್ರಿ ಬಾಯಾರ? ಬೀಗರು ನೆಲದ ಮ್ಯಾಲ ಮಲಗ್ಯಾರ. ನಾ ಮ್ಯಾಲ ಕುಂತು, ನೆಟ್ಟಗ ಅವರ ತಲಿ ಕಡಿಗಿ ಕಾಲ ಚಾಚೇನಿ. ಸುಮ್ಮಿದ್ದಾಗ ಹೋಗ್ಲಿ ಬಿಡ್ರಿ. ಅವರು ಮಾತಾಡ್ಲಾಕತ್ತಾಗೂ ಹಂಗೇ ಚಾಚಿ ಕುಂಡ್ರಲಾಕ ನಮ್ಮ ಹಿರ್ಯಾರು ಹಿಂತಾ ಬುದ್ಧಿ ಕಲಸಿಲ್ರಿ!

ಸಿದ್ದೇಶ್ವರ: ಅಯ್ಯೋ ಬೀಗರ, ಬ್ರೇಕಿಗಿ ಮರ್ಯಾದಿ ಗೊತ್ತಾಗಾಂಗಿಲ್ರಿ!

ಶಿವರಾಜಪ್ಪ: ಅದಕ್ಕ ಗೊತ್ತಾಗಾಂಗಿಲ್ಲ. ನನಗ ಗೊತ್ತಾಗ್ತದಲ್ರಿ? ಹೆಣ್ಣ ಕೊಟ್ಟಾಂವ ನಾನು.

ಸುಮಿತ್ರಾಬಾಯಿ: ನೀವರ ಅವರಿಗಿ, ಕಾಲ ಎತ್ತಬ್ಯಾಡ್ರಿ ಅಂತ ಗಟ್ಟಿಯಾಗಿ ಹೇಳ್ಬೇಕಿತ್ತು.

ಸಿದ್ದೇಶ್ವರ: ಬೀಗರಿಗಿ ಹ್ಯಾಂಗ ಹೇಳ್ಲಿ? ಅವರೇನ್ ನಮ್ಮ ಮನಿ ಮಂದೀನ?

ಮಾತು ಬಾಯಿ ಜಾರಿತ್ತು. ಬೀಗರು ಮನೆಯ ಮಂದಿಯಲ್ಲವೇ? ಶಿವರಾಜಪ್ಪನವರ ಮುಖ ಸಪ್ಪಗಾಯಿತು. ಸಿದ್ದೇಶ್ವರರು ತಿರುಪು ಬಿಚ್ಚುವ ಪಾನೆ ಕೆಳಗಿಟ್ಟು, ಮಲಗಿದಲ್ಲೇ ಕೈಮುಗಿದು ಕ್ಷಮೆ ಕೇಳಿದರು. ಬೀಗರು ಕಾರಿನಿಂದ ಇಳಿದು, ತಪ್ಪು ತಮ್ಮದೇ ಎಂದು ಬಾಗಿ ಕೈಮುಗಿದರು. ಈ ಗದ್ದಲದಲ್ಲಿ ತಿರುಪು ಸಡಿಲವಾಗಿಯೇ ಉಳಿದು ಎಣ್ಣೆ ತೊಟ್ಟಿಕ್ಕುತ್ತಿತ್ತು. ಸುಮಿತ್ರಾಬಾಯಿ ಚಹಾದ ತಟ್ಟೆಯನ್ನು ಬೀಗರ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ತಾವೇ ಒಳಗೆ ಕೂತರು.

ಸುಮಿತ್ರಾಬಾಯಿ: ಹ್ಞೂಂ, ಎಣ್ಣಿ ಹಾಕಿ ಶುರು ಮಾಡ್ರಿ.

ಸಿದ್ದೇಶ್ವರ: ತುಳಿ!

ಸುಮಿತ್ರಾಬಾಯಿ: ತುಳದೇನಿ! ಬಿಚ್ಚ್ರಿ!

ಸಿದ್ದೇಶ್ವರ: ಹಿಡಿ! ಕಾಲ ಎತ್ತಿದ್ರ ನೋಡು!

ಸುಮಿತ್ರಾಬಾಯಿ: ನೋಡೂದೇನದ? ನಿಮ್ಮ ಕೈ ಆಡ್ಲಿ, ಬಾಯಿ ಬ್ಯಾಡ!

ಸಿದ್ದೇಶ್ವರ: ಬಿಗದೆ! ಬಿಡು! ಮತ್ತ ತುಳಿ! ಊಟ ಮಾಡಿಲ್ಲೇನ?

ಸುಮಿತ್ರಾಬಾಯಿ: ನಿಮಗ ಬಡಿಸೂದ್ರಾಗ ನನ್ನ ಊಟ ಎಲ್ಲಿ ಆಗ್ತದ?

ಸಂಸಾರದಲ್ಲಿ ಇಷ್ಟು ದಿನ ಕೂಡಿಟ್ಟ ಸಿಟ್ಟೆಲ್ಲ ಸುಮಿತ್ರಾಬಾಯಿಯವರ ಬಲಗಾಲಿಗೆ ಇಳಿದಿತ್ತು. ಚಹಾ ಆರುವುದರೊಳಗೆ ಗುಳ್ಳೆ ನಿಂತಿತು. ಬ್ರೇಕು ಕಲ್ಲಿನಂತೆ ಗಟ್ಟಿಯಾಯಿತು. ಸಿದ್ದೇಶ್ವರರು ಗಾಲಿ ಜೋಡಿಸಿ, ಮೈ ಕೊಡವಿ, ಡ್ರೈವರ್ ಸೀಟಿಗೆ ಹತ್ತಿದರು. ಕಾರನ್ನು ಗೇಟಿನ ಇಳಿಜಾರಿನ ತನಕ ತಂದು ಬ್ರೇಕು ಒತ್ತಿ ನಿಲ್ಲಿಸಿದರು. ಮೂಗುದಾರ ಜಗ್ಗಿದ ಎತ್ತಿನಂತೆ ಅದು ಗಪ್ಪನೆ ನಿಂತಿತು. ಹೊರಗೆ ಟ್ಯಾಕ್ಸಿ ಬಂದು ಕಾಯುತ್ತಿತ್ತು. ಅದನ್ನು ನೋಡಿದಾಗ ಸಿದ್ದೇಶ್ವರರಿಗೆ ಗೆದ್ದ ಸಂತೋಷ.

ಶಿವರಾಜಪ್ಪ ಕಿಟಕಿಯ ಬಳಿ ಬಂದರು.

ಶಿವರಾಜಪ್ಪ: ಸೋತೇನ್ರಿ ಬೀಗರ. ನಿಮ್ಮಂಥಾ ಮನಿ ಸಿಗಲಾಕ ನನ್ನ ಮಗಳು ಪುಣ್ಯ ಮಾಡ್ಯಾಳ್ರಿ.

ಬೀಗರು ಇಂಥ ಮಾತಾಡುವಾಗ ಸೀಟಿಗೆ ಒರಗಿ ಕೂತಿರುವುದೆಂದರೇನು? ಸಿದ್ದೇಶ್ವರರು ಸರ್ರನೆ ಕಾಲು ಮಡಚಿ, ಸ್ಟೇರಿಂಗ್ ಬಿಟ್ಟು, ಎರಡೂ ಕೈ ಮುಗಿದರು. ಕಾರು ಮೆಲ್ಲಗೆ ಉರುಳಿ ಗೇಟಿನ ಕಂಬಕ್ಕೆ ಢಬ್ಬೆಂದು ಗುದ್ದಿತು.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಶಿವಾನಿ, ಸೊಂಟಕ್ಕೆ ಕೈಯಿಟ್ಟು ಮೆಲ್ಲಗೆ ಎದ್ದಳು.

ಶಿವರಾಜಪ್ಪ: ಬಾ ಅವ್ವಾ, ಟ್ಯಾಕ್ಸಿ ಹತ್ತು.

ಸಿದ್ದೇಶ್ವರರು ತಲೆ ತಗ್ಗಿಸಿದರು. ಅಳು ಬರುವುದೊಂದು ಬಾಕಿ.

ಶಿವಾನಿ: ನಾ ಮಾವಾರ ಗಾಡ್ಯಾಗೇ ಬರ್ತೇನಿ. ಬ್ರೇಕ್ ಬರೋಬರಿ ಅದ. ಟ್ಯಾಕ್ಸಿ ನೀ ಹತ್ತು ಅಪ್ಪಾ.

ಶಿವರಾಜಪ್ಪ: ನಾ ಒಬ್ನೇ ಏನ? ಹೋಗ್ಲಿ, ನಿಮ್ಮ ಹಿಂದಿಂದ ಬರ್ತೇನಿ.

ಶಿವಾನಿ: ಹಿಂದ ಬ್ಯಾಡ, ಮುಂದ ಹೋಗು. ನಿನ್ನ ಹಾರ್ನ್ ಕೇಳಿದ್ರ ಮಾವಾರು ನಡು ರಸ್ತ್ಯಾಗ ಇಳದು ಕಾಲಿಗಿ ನೀರ ಕೊಡ್ತಾರ!